ಎಚ್.ಎಂ.ಐ.ಎಸ್. ಬೆಂಗಾಲ್: ಒಂದು ಬೆಂಗಾವಲು ನೌಕೆಯ ಸೇವಾ ಚರಿತ್ರೆ ಮತ್ತು ಅದರ ಸುತ್ತಲಿನ ವಿವಾದ

ಪೀಠಿಕೆ

ಎರಡನೆಯ ಮಹಾಯುದ್ಧದಲ್ಲಿ ಭಾರತದ ಪಾತ್ರವನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಭೂಸೇನೆಯನ್ನೇ ಕೇಂದ್ರವಾಗಿರಿಸಿಕೊಂಡಿವೆ. ಉತ್ತರ ಆಫ್ರಿಕ, ಇಟಲಿ ಮತ್ತು ಬರ್ಮಾ ರಣರಂಗಗಳಲ್ಲಿ ಹೋರಾಡಿದ ದಳಗಳ ಬಗೆಗೆ ವಿಪುಲವಾದ ಬರವಣಿಗೆ ದೊರೆಯುತ್ತದೆ. ಅದೇ ಕಾಲದಲ್ಲಿ ಸಮುದ್ರಮಾರ್ಗಗಳನ್ನು ಕಾದ ರಾಯಲ್ ಇಂಡಿಯನ್ ನೇವಿಗೆ ಅಷ್ಟು ಸ್ಥಾನ ದೊರೆತಿಲ್ಲ. ನೌಕಾಪಡೆಯ ಚರಿತ್ರೆ ಎಂದರೆ 1946ರ ಫೆಬ್ರವರಿಯ ನಾವಿಕರ ಬಂಡಾಯವೆಂದೇ ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆ ಬಂಡಾಯಕ್ಕೆ ಮುನ್ನ ಆರು ವರ್ಷಗಳ ಕಾಲ ಇದೇ ನಾವಿಕರು ಯಾವ ಹಡಗುಗಳಲ್ಲಿ, ಯಾವ ಬಗೆಯ ಕೆಲಸದಲ್ಲಿ ತೊಡಗಿದ್ದರೆಂಬುದು ಮರೆಯಲ್ಲೇ ಉಳಿದಿದೆ.

ಈ ಹಿನ್ನೆಲೆಯಲ್ಲಿ ಎಚ್.ಎಂ.ಐ.ಎಸ್. ಬೆಂಗಾಲ್ ಎಂಬ ಸಣ್ಣ ಬೆಂಗಾವಲು ನೌಕೆಯ ಚರಿತ್ರೆ ಎರಡು ಕಾರಣಗಳಿಂದ ಮಹತ್ವದ್ದಾಗಿದೆ. ಮೊದಲನೆಯದಾಗಿ, 1942ರ ನವೆಂಬರ್ 11ರಂದು ತನಗಿಂತ ಹಲವು ಪಟ್ಟು ದೊಡ್ಡದಾದ ಎರಡು ಜಪಾನೀ ದಾಳಿ ಹಡಗುಗಳನ್ನು ಅದು ಎದುರಿಸಿತು. ಎರಡನೆಯದಾಗಿ, ಅಂದು ಜಪಾನೀ ಹಡಗನ್ನು ಮುಳುಗಿಸಿದವರು ಯಾರೆಂಬ ಪ್ರಶ್ನೆಗೆ ಭಾರತೀಯ ಮತ್ತು ಡಚ್ ಪರಂಪರೆಗಳು ಭಿನ್ನ ಉತ್ತರಗಳನ್ನು ನೀಡುತ್ತ ಬಂದಿವೆ. ಒಂದೇ ಘಟನೆ ಎರಡು ರಾಷ್ಟ್ರಗಳ ನೆನಪಿನಲ್ಲಿ ಎರಡು ರೂಪಗಳನ್ನು ತಾಳಿದ ಬಗೆಯನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಬೆಂಗಾವಲು ನೌಕೆಯೊಂದರ ಸಾಧನೆಯನ್ನು ಅಳೆಯಬೇಕಾದ ಮಾನದಂಡ ಯಾವುದೆಂಬ ಪ್ರಶ್ನೆಯೂ ಇದರಲ್ಲಿ ಅಡಗಿದೆ.

ನೌಕಾಪಡೆಯ ಸ್ಥಿತಿ ಮತ್ತು ಹಡಗಿನ ನಿರ್ಮಾಣ

ಭಾರತದ ನೌಕಾದಳಕ್ಕೆ ರಾಯಲ್ ಇಂಡಿಯನ್ ನೇವಿ ಎಂಬ ಹೆಸರು ಬಂದದ್ದು 1934ರಲ್ಲಿ. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಆರಂಭವಾದಾಗ ಅದರಲ್ಲಿ ಇದ್ದವರು 114 ಅಧಿಕಾರಿಗಳು ಮತ್ತು 1,732 ನಾವಿಕರು ಮಾತ್ರ. ಸ್ಲೂಪ್ ವರ್ಗದ ಕೆಲವು ಹಡಗುಗಳು ಹಾಗೂ ಕರಾವಳಿ ಕಾವಲಿನ ಚಿಕ್ಕ ನೌಕೆಗಳನ್ನು ಬಿಟ್ಟರೆ ಹೇಳಿಕೊಳ್ಳುವಂಥ ಬಲ ಅದಕ್ಕಿರಲಿಲ್ಲ. ಯುದ್ಧದ ಮೊದಲ ವರ್ಷಗಳಲ್ಲಿಯೇ ನಷ್ಟಗಳೂ ಸಂಭವಿಸಿದವು. 1940ರ ಜೂನ್‌ನಲ್ಲಿ ಮುಂಬಯಿಯ ಹೊರಗಿನ ಕಡಲಿನಲ್ಲಿ ಪಠಾನ್ ಎಂಬ ಕಾವಲು ಹಡಗು ಮುಳುಗಿತು. 1942ರ ಏಪ್ರಿಲ್‌ನಲ್ಲಿ ಬರ್ಮಾದ ಅಕ್ಯಾಬ್ ಬಂದರಿನ ಬಳಿ ಜಪಾನೀ ವಿಮಾನಗಳ ದಾಳಿಗೆ ಇಂಡಸ್ ಎಂಬ ಸ್ಲೂಪ್ ಬಲಿಯಾಯಿತು.

ಹಡಗುಗಳ ಕೊರತೆಯನ್ನು ನೀಗಿಸಲು ಭಾರತ, ಬ್ರಿಟನ್ ಮತ್ತು ಆಸ್ಟ್ರೇಲಿಯಗಳ ಹಡಗುಕಟ್ಟೆಗಳಲ್ಲಿ ಏಕಕಾಲಕ್ಕೆ ನಿರ್ಮಾಣಕಾರ್ಯ ಕೈಗೊಳ್ಳಲಾಯಿತು. ಆಸ್ಟ್ರೇಲಿಯದಲ್ಲಿ ಬಾಥರ್ಸ್ಟ್ ವರ್ಗವೆಂದು ಹೆಸರಾದ 60 ಹಡಗುಗಳು ಸಿದ್ಧವಾದವು. ಇವುಗಳಲ್ಲಿ 56 ಆಸ್ಟ್ರೇಲಿಯದ ನಾವಿಕರ ವಶದಲ್ಲಿ ಸೇವೆ ಸಲ್ಲಿಸಿದವು. ಉಳಿದ ನಾಲ್ಕು ಭಾರತಕ್ಕೆ ಸಂದವು. ಅವುಗಳಿಗೆ ಬೆಂಗಾಲ್, ಬಾಂಬೆ, ಮದ್ರಾಸ್ ಮತ್ತು ಪಂಜಾಬ್ ಎಂದು ಪ್ರಾಂತಗಳ ಹೆಸರುಗಳನ್ನಿಡಲಾಯಿತು. ನೀರಿನಲ್ಲಿ ಹುದುಗಿಸಿದ ಮೈನ್‌ಗಳನ್ನು ತೆರವುಗೊಳಿಸುವುದು, ಜಲಾಂತರ್ಗಾಮಿಗಳನ್ನು ಹುಡುಕುವುದು ಹಾಗೂ ವ್ಯಾಪಾರೀ ಹಡಗುಗಳಿಗೆ ಬೆಂಗಾವಲಾಗಿ ಸಾಗುವುದು ಈ ವರ್ಗದ ಹಡಗುಗಳಿಗೆ ವಹಿಸಿದ ಕೆಲಸಗಳು. ದಾಖಲೆಗಳಲ್ಲಿ ಇವು ಮೈನ್‌ಸ್ವೀಪರ್‌ಗಳೆಂದು ನಮೂದಾಗಿದ್ದರೂ ಬಳಕೆಯಲ್ಲಿ ಕಾರ್ವೆಟ್‌ಗಳೆಂದೇ ಪ್ರಸಿದ್ಧವಾದವು.

ಬೆಂಗಾಲ್ ಸಿಡ್ನಿಯ ಕಾಕಟೂ ಹಡಗುಕಟ್ಟೆಯಲ್ಲಿ ನಿರ್ಮಾಣವಾಯಿತು. 1941ರ ಡಿಸೆಂಬರಿನಲ್ಲಿ ಕೆಲಸ ಆರಂಭವಾಗಿ, 1942ರ ಮೇ ತಿಂಗಳಲ್ಲಿ ಅದನ್ನು ನೀರಿಗಿಳಿಸಲಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಹಡಗು ಸೇವೆಗೆ ಸೇರಿತು. 186 ಅಡಿ ಉದ್ದದ, ಸುಮಾರು 700 ಟನ್ ತೂಕದ ಈ ಹಡಗಿನ ಗರಿಷ್ಠ ವೇಗ 15 ನಾಟ್ ಮಾತ್ರ. ಈ ವರ್ಗಕ್ಕೆ ಮೂಲ ವಿನ್ಯಾಸದಲ್ಲಿ 4 ಇಂಚಿನ ಫಿರಂಗಿಯನ್ನು ನಿಗದಿಪಡಿಸಲಾಗಿತ್ತು. ಆದರೆ ಯುದ್ಧಕಾಲದ ಅಭಾವದಿಂದಾಗಿ ಬೆಂಗಾಲ್‌ಗೆ ದೊರೆತದ್ದು 3 ಇಂಚು ವ್ಯಾಸದ, ‘12 ಪೌಂಡರ್’ ಎಂದು ಕರೆಯಲಾಗುತ್ತಿದ್ದ ಒಂದೇ ಒಂದು ಫಿರಂಗಿ. ಇದರೊಡನೆ ವಿಮಾನಗಳನ್ನು ಹೊಡೆಯಲು ಕೆಲವು 20 ಮಿ.ಮೀ. ಓರ್ಲಿಕಾನ್ ತೋಪುಗಳಿದ್ದವು. ಫಿರಂಗಿಯ ಗುಂಡುಗಳ ಸಂಗ್ರಹವೂ ಅತ್ಯಲ್ಪವಾಗಿತ್ತು. ರಾಯಲ್ ಇಂಡಿಯನ್ ನೇವಲ್ ರಿಸರ್ವ್‌ನ ಲೆಫ್ಟಿನೆಂಟ್ ಕಮಾಂಡರ್ ವಿಲಿಯಂ ಜೋಸೆಫ್ ವಿಲ್ಸನ್ ಹಡಗಿನ ನಾಯಕರಾಗಿದ್ದರು. ನಾವಿಕರು ಭಾರತೀಯರು.

ಹಿಂದೂ ಮಹಾಸಾಗರದಲ್ಲಿನ ಪರಿಸ್ಥಿತಿ

ಬೆಂಗಾಲ್ ಸೇವೆಗೆ ಸೇರಿದ ಸಮಯ ಹಿಂದೂ ಮಹಾಸಾಗರದ ಮಿತ್ರಪಕ್ಷಗಳಿಗೆ ಅತ್ಯಂತ ಸಂಕಟದ ಕಾಲವಾಗಿತ್ತು. 1942ರ ಫೆಬ್ರವರಿ 15ರಂದು ಸಿಂಗಪುರ ಶರಣಾಯಿತು. ಏಪ್ರಿಲ್‌ನಲ್ಲಿ ಜಪಾನಿನ ವಿಮಾನವಾಹಕ ನೌಕಾಬಲ ಕೊಲಂಬೊ ಮತ್ತು ತ್ರಿಂಕೋಮಲಿಗಳ ಮೇಲೆ ಎರಗಿತು. ಬ್ರಿಟನ್ನಿನ ಪೂರ್ವ ನೌಕಾಬಲ ಆಫ್ರಿಕದ ಕರಾವಳಿಯತ್ತ ಹಿಂದೆ ಸರಿಯಬೇಕಾಯಿತು. ಡಚ್ ಈಸ್ಟ್ ಇಂಡೀಸ್‌ನ ತೈಲಕ್ಷೇತ್ರಗಳು ಜಪಾನೀಯರ ಕೈಸೇರಿದ್ದುದರಿಂದ ಆಸ್ಟ್ರೇಲಿಯಕ್ಕೆ ಬೇಕಾದ ತೈಲವನ್ನು ಪರ್ಷಿಯನ್ ಕೊಲ್ಲಿಯ ಅಬಾದಾನಿನಿಂದ ತರಬೇಕಾಯಿತು. ಸಾವಿರಾರು ಮೈಲಿಗಳ ಈ ಮಾರ್ಗದಲ್ಲಿ ಪ್ರತಿಯೊಂದು ತೈಲವಾಹಕಕ್ಕೂ ಸಮರ್ಥ ಬೆಂಗಾವಲನ್ನು ಒದಗಿಸುವುದು ಸಾಧ್ಯವಿರಲಿಲ್ಲ.

ಇಂಥ ಒಂಟಿ ಹಡಗುಗಳನ್ನು ಬೇಟೆಯಾಡಲು ಜಪಾನ್ ಬಳಸಿದ ಸಾಧನಗಳೇ ಹೊಕೊಕು ಮಾರು ಮತ್ತು ಐಕೊಕು ಮಾರು. ಒಸಾಕಾ ಶೋಸೆನ್ ಕಂಪನಿಯ ಪ್ರಯಾಣಿಕ ಹಾಗೂ ಸರಕು ಹಡಗುಗಳಾಗಿ ನಿರ್ಮಾಣಗೊಂಡಿದ್ದ ಇವುಗಳನ್ನು 1941ರಲ್ಲಿ ನೌಕಾಪಡೆ ವಶಕ್ಕೆ ತೆಗೆದುಕೊಂಡು ಶಸ್ತ್ರಸಜ್ಜಿತ ದಾಳಿ ಹಡಗುಗಳಾಗಿ ಮಾರ್ಪಡಿಸಿತು. ತಲಾ 10,400 ಟನ್‌ಗೂ ಹೆಚ್ಚಿನ ಗಾತ್ರದ ಈ ಹಡಗುಗಳು 21 ನಾಟ್ ವೇಗದಲ್ಲಿ ಚಲಿಸಬಲ್ಲವಾಗಿದ್ದವು. 140 ಮಿ.ಮೀ. ವ್ಯಾಸದ ಹಲವು ಫಿರಂಗಿಗಳು, ಟಾರ್ಪೆಡೊ ನಳಿಕೆಗಳು ಮತ್ತು ಸಮುದ್ರವಿಮಾನಗಳು ಅವುಗಳಲ್ಲಿದ್ದವು. ಯುದ್ಧದ ಮೊದಲ ವಾರಗಳಲ್ಲಿ ಶಾಂತಸಾಗರದಲ್ಲಿ ಸಂಚರಿಸಿದ ಈ ಜೋಡಿ ಅಮೆರಿಕದ ವಿನ್ಸೆಂಟ್ ಮತ್ತು ಮಲಾಮಾ ಹಡಗುಗಳನ್ನು ಬಲಿ ತೆಗೆದುಕೊಂಡಿತು. 1942ರ ಮೇ ತಿಂಗಳಲ್ಲಿ ಡಚ್ ತೈಲವಾಹಕ ಗೆನೋಟಾವನ್ನು ಸೆರೆಹಿಡಿಯಿತು. ಜೂನ್‌ನಲ್ಲಿ ಬ್ರಿಟನ್ನಿನ ಎಲಿಸಿಯಾ ಹಡಗಿನ ಮೇಲೆ ದಾಳಿ ನಡೆಸಿತು. ಜುಲೈಯಲ್ಲಿ ನ್ಯೂಜಿಲೆಂಡಿನ ಹೌರಾಕಿ ಹಡಗು ಅದರ ವಶವಾಯಿತು. ಈ ಯಾವ ಸಂದರ್ಭದಲ್ಲಿಯೂ ದಾಳಿ ಹಡಗುಗಳಿಗೆ ಗಂಭೀರವಾದ ಪ್ರತಿರೋಧ ಎದುರಾಗಿರಲಿಲ್ಲ. ಆ ವರ್ಷದ ನವೆಂಬರಿನ ಯಾತ್ರೆಯನ್ನೂ ಅವು ಅದೇ ಆತ್ಮವಿಶ್ವಾಸದಿಂದ ಕೈಗೊಂಡಿದ್ದಿರಬೇಕು.

1942ರ ನವೆಂಬರ್ 11ರ ಕದನ

ಸಿಡ್ನಿಯಿಂದ ಹೊರಟಿದ್ದ ಬೆಂಗಾಲ್ ಪಶ್ಚಿಮ ಆಸ್ಟ್ರೇಲಿಯದ ಫ್ರೀಮ್ಯಾಂಟಲ್ ಬಂದರಿನ ಮೂಲಕ ಭಾರತದತ್ತ ಸಾಗುವುದಿತ್ತು. ಅದೇ ಬಂದರಿನಲ್ಲಿ ರಾಯಲ್ ಡಚ್ ಶೆಲ್ ಸಮೂಹಕ್ಕೆ ಸೇರಿದ 6,341 ಟನ್‌ಗಳ ಒಂಡಿನಾ ಎಂಬ ತೈಲವಾಹಕವಿತ್ತು. ಅದರ ನಾಯಕ ಕ್ಯಾಪ್ಟನ್ ವಿಲೆಂ ಹೋರ್ಸ್‌ಮನ್. ತೊಟ್ಟಿಗಳನ್ನು ಬರಿದು ಮಾಡಿಕೊಂಡು, ಮತ್ತೆ ತೈಲ ತುಂಬಿಸಿಕೊಳ್ಳಲು ಅದು ಡಿಯೆಗೊ ಗಾರ್ಸಿಯಾ ದ್ವೀಪದ ಮಾರ್ಗವಾಗಿ ಅಬಾದಾನಿಗೆ ಹೊರಟಿತ್ತು. ಹಿಂಭಾಗದಲ್ಲಿ 4 ಇಂಚಿನ ಒಂದು ಫಿರಂಗಿಯನ್ನು ಅಳವಡಿಸಲಾಗಿದ್ದು, ಅದರ ಗುಂಡುಗಳ ಸಂಖ್ಯೆ ಕೇವಲ 32. ಈ ಎರಡೂ ಹಡಗುಗಳು ನವೆಂಬರ್ 5ರಂದು ಫ್ರೀಮ್ಯಾಂಟಲ್‌ನಿಂದ ಜೊತೆಯಾಗಿ ಹೊರಟವು. ಕಾವಲಿಗೆ ಬಂದ ಹಡಗಿನ ಫಿರಂಗಿಗಿಂತ ಕಾವಲು ಪಡೆಯುವ ಹಡಗಿನ ಫಿರಂಗಿಯೇ ದೊಡ್ಡದಾಗಿದ್ದುದು ಅಂದಿನ ಅಭಾವದ ತೀವ್ರತೆಗೆ ನಿದರ್ಶನವಾಗಿದೆ.

ನವೆಂಬರ್ 11ರ ಮಧ್ಯಾಹ್ನದ ಹೊತ್ತಿಗೆ ಕೊಕೊಸ್ ದ್ವೀಪಗಳ ನೈಋತ್ಯಕ್ಕೆ, ತೆರೆದ ಸಮುದ್ರದಲ್ಲಿ ಅಪರಿಚಿತ ಹಡಗೊಂದು ಕಾಣಿಸಿಕೊಂಡಿತು. ಸ್ವಲ್ಪ ಹೊತ್ತಿನಲ್ಲಿ ಅದರ ಹಿಂದೆ ಎರಡನೆಯ ಹಡಗೂ ಗೋಚರಿಸಿತು. ಅವು ಜಪಾನೀ ದಾಳಿ ಹಡಗುಗಳೆಂದು ಖಚಿತವಾಯಿತು. ವಿಲ್ಸನ್ ಅವರ ಮುಂದೆ ಇದ್ದ ಆಯ್ಕೆಗಳು ಬಹಳ ಕಡಿಮೆ. 15 ನಾಟ್ ವೇಗದ ಕಾರ್ವೆಟ್ ಆಗಲಿ, ಸುಮಾರು 12 ನಾಟ್ ವೇಗದ ತೈಲವಾಹಕವಾಗಲಿ ಓಡಿ ಪಾರಾಗುವುದು ಅಸಾಧ್ಯವಾಗಿತ್ತು. ಅವರು ಒಂಡಿನಾಕ್ಕೆ ಬೇರೆಯಾಗಿ ಸಾಗಿ ತಪ್ಪಿಸಿಕೊಳ್ಳುವಂತೆ ಸೂಚನೆ ನೀಡಿದರು. ತಮ್ಮ ಹಡಗನ್ನು ನೇರವಾಗಿ ಮೊದಲ ಶತ್ರುನೌಕೆಯ ಕಡೆಗೆ ತಿರುಗಿಸಿದರು. ತೈಲವಾಹಕಕ್ಕೆ ಸ್ವಲ್ಪ ಕಾಲಾವಕಾಶ ದೊರಕಿಸಿಕೊಡುವುದು ಈ ನಡೆಯ ಉದ್ದೇಶವಾಗಿತ್ತು.

ಒಂಡಿನಾದ ನಾಯಕರು ಪಲಾಯನಕ್ಕೆ ಯತ್ನಿಸಿ ಫಲವಿಲ್ಲವೆಂದು ಅರಿತು, ತಮ್ಮಲ್ಲಿದ್ದ ಒಂದೇ ಫಿರಂಗಿಯಿಂದ ಹೋರಾಡಲು ನಿರ್ಧರಿಸಿದರು. ಹೀಗೆ ಹೊಕೊಕು ಮಾರು ಎರಡು ದಿಕ್ಕುಗಳಿಂದ ಎರಡು ಫಿರಂಗಿಗಳ ಗುಂಡುಗಳನ್ನು ಎದುರಿಸಬೇಕಾಯಿತು. ಕೆಲವೇ ನಿಮಿಷಗಳಲ್ಲಿ ಅದರ ಟಾರ್ಪೆಡೊ ನಳಿಕೆಗಳ ಸಮೀಪ ಗುಂಡೊಂದು ಬಿದ್ದು ಭಾರೀ ಸ್ಫೋಟ ಸಂಭವಿಸಿತು. ಬೆಂಕಿ ಹಡಗಿನ ಹಿಂಭಾಗವನ್ನು ಆವರಿಸಿತು. ಮತ್ತೆ ಸ್ಫೋಟಗಳು ಸಂಭವಿಸಿ ಹಡಗು ಮುಳುಗಿತು. ಅದರಲ್ಲಿದ್ದ 354 ಮಂದಿಯಲ್ಲಿ ನಾಯಕ ಇಮಾಜಾಟೊ ಅವರೂ ಸೇರಿ 76 ಮಂದಿ ಮೃತರಾದರು.

ಆ ಬಳಿಕ ಐಕೊಕು ಮಾರು ಒಂದೇ ಎರಡೂ ಹಡಗುಗಳ ಮೇಲೆ ಗುಂಡಿನ ಮಳೆಗರೆಯಿತು. ಬೆಂಗಾಲ್‌ಗೂ ಪೆಟ್ಟುಗಳು ಬಿದ್ದವು. ಅದರ ಗುಂಡುಗಳ ಸಂಗ್ರಹ ಬಹುತೇಕ ಮುಗಿದುಹೋಗಿತ್ತು. ಹೊಗೆಯ ತೆರೆಯನ್ನು ಎಬ್ಬಿಸಿ ಒಂಡಿನಾವನ್ನು ಮರೆಮಾಡುವ ಪ್ರಯತ್ನವೂ ಫಲಿಸಲಿಲ್ಲ. ತೈಲವಾಹಕ ಪೆಟ್ಟು ತಿಂದು ನಾಶವಾಗುತ್ತಿದೆಯೆಂದು ಭಾವಿಸಿದ ವಿಲ್ಸನ್, ಬರಿದಾದ ಫಿರಂಗಿಯೊಡನೆ ಅಲ್ಲಿ ನಿಲ್ಲುವುದರಿಂದ ಪ್ರಯೋಜನವಿಲ್ಲವೆಂದು ತೀರ್ಮಾನಿಸಿ ಹೊಗೆಯ ಮರೆಯಲ್ಲಿ ಹಿಂದೆ ಸರಿದರು. ನವೆಂಬರ್ 17ರಂದು ಬೆಂಗಾಲ್ ಡಿಯೆಗೊ ಗಾರ್ಸಿಯಾ ತಲುಪಿತು. ಹಡಗಿಗೆ ಹಾನಿಯಾಗಿದ್ದರೂ ಸಿಬ್ಬಂದಿಯಲ್ಲಿ ಯಾರೂ ಮೃತರಾಗಿರಲಿಲ್ಲ.

ಒಂಡಿನಾದ ಪುನರಾಗಮನ

ಬೆಂಗಾಲ್ ಕಣ್ಮರೆಯಾದ ಬಳಿಕ ಒಂಡಿನಾದ ಮೇಲೆ ಬಂದೆರಗಿದ ವಿಪತ್ತು ಇನ್ನೂ ಘೋರವಾಗಿತ್ತು. ಅದರ ಗುಂಡುಗಳೆಲ್ಲ ಮುಗಿದ ಮೇಲೆ, ಸಿಬ್ಬಂದಿಯನ್ನಾದರೂ ಉಳಿಸಬೇಕೆಂದು ಹೋರ್ಸ್‌ಮನ್ ಯಂತ್ರಗಳನ್ನು ನಿಲ್ಲಿಸಿ ಹಡಗನ್ನು ತ್ಯಜಿಸಲು ಆಜ್ಞೆಯಿತ್ತರು. ಅಷ್ಟರಲ್ಲಿ ಮೇಲ್ವೇದಿಕೆಗೆ ಬಡಿದ ಗುಂಡೊಂದು ಅವರನ್ನು ಬಲಿ ತೆಗೆದುಕೊಂಡಿತು. ಐಕೊಕು ಮಾರು ಸಮೀಪಿಸಿ ಹಾರಿಸಿದ ಎರಡು ಟಾರ್ಪೆಡೊಗಳು ತೈಲವಾಹಕಕ್ಕೆ ತಗುಲಿದವು. ದೋಣಿಗಳಲ್ಲಿ ಕುಳಿತಿದ್ದ ನಾವಿಕರ ಮೇಲೆಯೂ ಮೆಷಿನ್‌ಗನ್ನಿನಿಂದ ಗುಂಡು ಹಾರಿಸಲಾಯಿತು. ನಾಯಕರೂ ಸೇರಿ ಒಂಡಿನಾದ ಐವರು ಈ ಘಟನೆಯಲ್ಲಿ ಪ್ರಾಣ ಕಳೆದುಕೊಂಡರು. ಹಡಗು ಒಂದು ಪಕ್ಕಕ್ಕೆ ವಾಲಿ ಹೊತ್ತಿ ಉರಿಯುತ್ತಿತ್ತು. ಅದು ಮುಳುಗುವುದು ಖಚಿತವೆಂದು ತಿಳಿದ ಐಕೊಕು ಮಾರು, ಹೊಕೊಕು ಮಾರುವಿನಲ್ಲಿ ಬದುಕುಳಿದವರನ್ನು ಎತ್ತಿಕೊಂಡು ಹೊರಟುಹೋಯಿತು.

ಒಂಡಿನಾ ಮುಳುಗಲಿಲ್ಲ. ತೈಲವಾಹಕದ ತೊಟ್ಟಿಗಳು ಒಂದರಿಂದ ಒಂದು ಬೇರ್ಪಟ್ಟಿರುತ್ತವೆ. ಅವು ಬರಿದಾಗಿದ್ದುದರಿಂದ ಟಾರ್ಪೆಡೊ ಹೊಡೆತಕ್ಕೆ ಕೆಲವು ತೊಟ್ಟಿಗಳು ಮಾತ್ರ ನೀರು ತುಂಬಿಕೊಂಡವು. ಉಳಿದವು ಹಡಗನ್ನು ತೇಲಿಸಿ ಹಿಡಿದವು. ಪ್ರಥಮ ಅಧಿಕಾರಿ ರೆವಿಂಕೆಲ್ ಅವರ ನೇತೃತ್ವದಲ್ಲಿ ಸಿಬ್ಬಂದಿ ಮತ್ತೆ ಹಡಗನ್ನೇರಿದರು. ಬೆಂಕಿ ಆರಿಸಿ, ವಾಲಿದ ಹಡಗನ್ನು ಸಮತೋಲನಕ್ಕೆ ತಂದು, ಯಂತ್ರಗಳನ್ನು ಚಾಲೂ ಮಾಡಿ ಫ್ರೀಮ್ಯಾಂಟಲ್‌ನತ್ತ ಹಿಂತಿರುಗಿದರು. ಗುಪ್ತಸಂಕೇತಗಳ ಪುಸ್ತಕಗಳನ್ನು ಶತ್ರುವಿನ ಕೈಗೆ ಸಿಗಬಾರದೆಂದು ಮೊದಲೇ ಸಮುದ್ರಕ್ಕೆ ಎಸೆದಿದ್ದರು. ಆದುದರಿಂದ ಗಾಯಾಳುಗಳಿಗೆ ವೈದ್ಯಕೀಯ ನೆರವು ಕೋರಿ ಸಾಮಾನ್ಯ ಭಾಷೆಯಲ್ಲಿಯೇ ರೇಡಿಯೊ ಸಂದೇಶ ಕಳುಹಿಸಬೇಕಾಯಿತು. ಮುಳುಗಿತೆಂದು ನಂಬಲಾಗಿದ್ದ ಹಡಗಿನಿಂದ ಬಂದ ಆ ಸಂದೇಶವನ್ನು ದಡದ ಅಧಿಕಾರಿಗಳು ಶತ್ರುವಿನ ತಂತ್ರವೆಂದು ಶಂಕಿಸಿದರು. ನವೆಂಬರ್ 18ರಂದು ಒಂಡಿನಾ ಫ್ರೀಮ್ಯಾಂಟಲ್ ಬಂದರನ್ನು ಸೇರಿತು.

ಎರಡು ವರದಿಗಳು, ಒಂದು ವಿವಾದ

ಈ ಎರಡು ದಿನಾಂಕಗಳು ಚರಿತ್ರೆಕಾರರ ವಿಶೇಷ ಗಮನಕ್ಕೆ ಅರ್ಹವಾಗಿವೆ. ಬೆಂಗಾಲ್ 17ರಂದು ಸಾಗರದ ಮಧ್ಯದ ಒಂದು ದ್ವೀಪದಲ್ಲಿ, ಒಂಡಿನಾ 18ರಂದು ಆಸ್ಟ್ರೇಲಿಯದ ಬಂದರಿನಲ್ಲಿ ಲಂಗರು ಹಾಕಿದವು. ಕದನದ ಕೊನೆಯ ಭಾಗವನ್ನು ಬೆಂಗಾಲ್‌ನವರು ಕಂಡಿರಲಿಲ್ಲ. ಹೊಗೆಯ ಮರೆಯಲ್ಲಿ ಬೆಂಗಾಲ್ ಯಾವ ಸ್ಥಿತಿಯಲ್ಲಿತ್ತೆಂಬುದು ಒಂಡಿನಾದವರಿಗೆ ತಿಳಿದಿರಲಿಲ್ಲ. ಹೀಗೆ ಎರಡು ಹಡಗುಗಳ ಅನುಭವಗಳು ಪರಸ್ಪರ ಹೋಲಿಕೆಗೆ ಒಳಗಾಗದೆ, ಸಾವಿರಾರು ಮೈಲಿಗಳ ಅಂತರದಲ್ಲಿ ಪ್ರತ್ಯೇಕವಾಗಿ ರೂಪುಗೊಂಡವು.

ಭಾರತದಲ್ಲಿ ಬೆಂಗಾಲ್‌ನ ವಿಜಯ ದೊಡ್ಡ ಸುದ್ದಿಯಾಯಿತು. 1942ರ ಕೊನೆಯ ತಿಂಗಳುಗಳೆಂದರೆ ಕ್ವಿಟ್ ಇಂಡಿಯಾ ಚಳವಳಿಯ ದಮನ ನಡೆಯುತ್ತಿದ್ದ, ಕಾಂಗ್ರೆಸ್ಸಿನ ನಾಯಕರು ಸೆರೆಮನೆಯಲ್ಲಿದ್ದ ಕಾಲ. ಭಾರತೀಯ ನಾವಿಕರು ಬ್ರಿಟಿಷ್ ಧ್ವಜದಡಿಯಲ್ಲಿ ಜಪಾನೀ ಹಡಗನ್ನು ಮುಳುಗಿಸಿದರೆಂಬ ವಾರ್ತೆ ಸರ್ಕಾರದ ಪ್ರಚಾರಕ್ಕೂ ಸೈನ್ಯ ಭರ್ತಿಗೂ ಅನುಕೂಲಕರವಾಗಿತ್ತು. ವಿಲ್ಸನ್ ಅವರಿಗೆ ಡಿ.ಎಸ್.ಒ. ಪದಕ ಲಭಿಸಿತು. ಭಾರತೀಯ ನಾವಿಕರಿಗೂ ಶೌರ್ಯ ಪದಕಗಳು ಸಂದವು. ಅತ್ತ ಡಚ್ಚರು ಹೋರ್ಸ್‌ಮನ್ ಅವರಿಗೆ ತಮ್ಮ ಅತ್ಯುನ್ನತ ಸೈನಿಕ ಗೌರವವಾದ ಮಿಲಿಟರಿ ವಿಲಿಯಂ ಆರ್ಡರ್ ಅನ್ನು ಮರಣೋತ್ತರವಾಗಿ ನೀಡಿದರು. ತಾಯ್ನಾಡು ಜರ್ಮನರ ವಶದಲ್ಲಿಯೂ, ಈಸ್ಟ್ ಇಂಡೀಸ್ ಜಪಾನೀಯರ ವಶದಲ್ಲಿಯೂ ಇದ್ದಾಗ ಇಂಥ ಸಾಹಸದ ಕಥೆ ಅವರಿಗೂ ಅಷ್ಟೇ ಅಗತ್ಯವಾಗಿತ್ತು.

ಹೊಕೊಕು ಮಾರುವಿಗೆ ಮಾರಕವಾದ ಗುಂಡು ಯಾವ ಫಿರಂಗಿಯದೆಂಬ ಪ್ರಶ್ನೆ ಈ ಹಿನ್ನೆಲೆಯಲ್ಲಿಯೇ ಜಟಿಲವಾಯಿತು. ಭಾರತೀಯ ಪರಂಪರೆ ಅದನ್ನು ಬೆಂಗಾಲ್‌ಗೂ, ಡಚ್ ಪರಂಪರೆ ಒಂಡಿನಾಕ್ಕೂ ಸಲ್ಲಿಸುತ್ತ ಬಂದಿವೆ. ಇತ್ತೀಚಿನ ವಿವರಣೆಗಳು ಹೆಚ್ಚಾಗಿ ಒಂಡಿನಾದ 4 ಇಂಚಿನ ಫಿರಂಗಿಯ ಪರವಾಗಿವೆ. ಭಾರವಾದ ಗುಂಡಿನ ಪರಿಣಾಮ ಹೆಚ್ಚೆಂಬುದು ಈ ನಿಲುವಿಗೆ ಪೂರಕವಾಗಿದೆ. ಆದರೆ ಗುಂಡಿನ ಗಾತ್ರವೊಂದರಿಂದಲೇ ಪ್ರಶ್ನೆ ಬಗೆಹರಿಯದು. ತೆರೆದ ಅಂಗಳದಲ್ಲಿ ಸಿಡಿಯಲು ಸಿದ್ಧವಾಗಿದ್ದ ಟಾರ್ಪೆಡೊಗಳಿಗೆ ತಗುಲಿದರೆ ಚಿಕ್ಕ ಗುಂಡೂ ದೊಡ್ಡ ಅನಾಹುತಕ್ಕೆ ಕಾರಣವಾಗಬಲ್ಲದು. ಎರಡು ಹಡಗುಗಳು ಏಕಕಾಲದಲ್ಲಿ ಒಂದೇ ಗುರಿಗೆ ಗುಂಡು ಹಾರಿಸುತ್ತಿದ್ದಾಗ, ಸ್ಫೋಟಕ್ಕೆ ತಮ್ಮ ಗುಂಡೇ ಕಾರಣವೆಂದು ಎರಡೂ ಕಡೆಯ ತೋಪಿನವರು ಪ್ರಾಮಾಣಿಕವಾಗಿಯೇ ನಂಬಿರಬಹುದು.

ವಿವಾದದ ಇನ್ನೊಂದು ಮುಖ ಬೆಂಗಾಲ್‌ನ ನಿರ್ಗಮನಕ್ಕೆ ಸಂಬಂಧಿಸಿದ್ದು. ಕಾಯಬೇಕಾದ ಹಡಗನ್ನು ಬಿಟ್ಟು ಬೆಂಗಾವಲು ನೌಕೆ ಹೊರಟುಹೋದದ್ದು ಸರಿಯೇ ಎಂಬ ಪ್ರಶ್ನೆ ಒಂಡಿನಾದ ಕಡೆಯಿಂದ ನೋಡಿದರೆ ಸಹಜವಾದುದು. ದೋಣಿಗಳಲ್ಲಿ ಗುಂಡಿಗೆ ಗುರಿಯಾದವರ ಅನುಭವವನ್ನು ಯಾವ ಚರಿತ್ರೆಕಾರನೂ ಅಲಕ್ಷಿಸಲಾರ. ಆದರೆ ಕ್ರಮವನ್ನು ಗಮನಿಸಿದರೆ, ವಿಲ್ಸನ್ ಮೊದಲಿಗೆ ಮಾಡಿದ್ದು ಶತ್ರುವಿನತ್ತ ಮುನ್ನುಗ್ಗುವುದನ್ನು. ಗುಂಡುಗಳು ಮುಗಿದ ಮೇಲೆ 15 ನಾಟ್ ವೇಗದ ಹಡಗು 21 ನಾಟ್ ವೇಗದ ಶತ್ರುವಿನೆದುರು ನಿಂತಿದ್ದರೆ ಮತ್ತೊಂದು ಹಡಗು ಮತ್ತು ಅದರ ನಾವಿಕರು ನಾಶವಾಗುತ್ತಿದ್ದರು. ಒಂಡಿನಾ ಅದರಿಂದ ಉಳಿಯುತ್ತಿತ್ತೆಂದು ಹೇಳಲು ಆಧಾರವಿಲ್ಲ. ಒಂಡಿನಾ ಮುಳುಗುತ್ತಿದೆಯೆಂಬ ವಿಲ್ಸನ್ ಅವರ ಊಹೆ ತಪ್ಪಾಗಿತ್ತೆಂಬುದು ನಿಜ. ಅದೇ ತಪ್ಪನ್ನು ಹತ್ತಿರದಿಂದ ಟಾರ್ಪೆಡೊ ಹೊಡೆದ ಐಕೊಕು ಮಾರುವೂ ಮಾಡಿತೆಂಬುದನ್ನು ಇಲ್ಲಿ ಲಕ್ಷಿಸಬೇಕು.

ನಂತರದ ಸೇವೆ

ಈ ಕದನದ ಪರಿಣಾಮ ಎರಡು ಹಡಗುಗಳ ಅಳಿವು ಉಳಿವಿಗಿಂತ ವ್ಯಾಪಕವಾಗಿತ್ತು. ವ್ಯಾಪಾರೀ ಹಡಗುಗಳನ್ನು ಪರಿವರ್ತಿಸಿ ದಾಳಿಗೆ ಬಳಸುವ ಕ್ರಮವನ್ನು ಜಪಾನ್ ಹಿಂದೂ ಮಹಾಸಾಗರದಲ್ಲಿ ಮುಂದುವರಿಸಲಿಲ್ಲ. ಐಕೊಕು ಮಾರು ಸಾಗಣೆಯ ಕೆಲಸಕ್ಕೆ ಬಳಕೆಯಾಗಿ, 1944ರ ಫೆಬ್ರವರಿ 17ರಂದು ಶಾಂತಸಾಗರದ ಟ್ರುಕ್ ನೆಲೆಯಲ್ಲಿ ಅಮೆರಿಕದ ವಿಮಾನದಾಳಿಗೆ ಸಿಲುಕಿ ಸ್ಫೋಟಗೊಂಡು ಮುಳುಗಿತು. ಒಂಡಿನಾ ದುರಸ್ತಿಗೊಂಡು ಯುದ್ಧಾನಂತರವೂ ತೈಲ ಸಾಗಿಸಿ, 1959ರಲ್ಲಿ ಗುಜರಿ ಸೇರಿತು.

ಬೆಂಗಾಲ್ ದುರಸ್ತಿಯ ನಂತರ ಪೂರ್ವ ನೌಕಾಬಲದ ಅಧೀನದಲ್ಲಿ ಬೆಂಗಾವಲಿನ ಕೆಲಸವನ್ನು ಯುದ್ಧದ ಕೊನೆಯವರೆಗೂ ಮುಂದುವರಿಸಿತು. ಅಂಥ ಘರ್ಷಣೆ ಅದಕ್ಕೆ ಮತ್ತೆ ಎದುರಾಗಲಿಲ್ಲ. ಬೆಂಗಾವಲು ಹಡಗಿನ ಬಾಳಿನಲ್ಲಿ ಒಂದು ದಿನದ ಕದನಕ್ಕಿಂತ, ಏನೂ ಘಟಿಸದೆ ಕಾವಲಿನಲ್ಲಿ ಕಳೆದ ನೂರಾರು ದಿನಗಳೇ ಅಧಿಕ. ಜೊತೆಗಿದ್ದ ಹಡಗುಗಳು ಸುರಕ್ಷಿತವಾಗಿ ಬಂದರು ತಲುಪಿದ ದಿನಗಳು ವೀರಗಾಥೆಗಳಲ್ಲಿ ದಾಖಲಾಗುವುದಿಲ್ಲ.

1946ರ ಫೆಬ್ರವರಿ 18ರಂದು ಮುಂಬಯಿಯ ತಲ್ವಾರ್ ನೌಕಾಕೇಂದ್ರದಲ್ಲಿ ಆರಂಭವಾದ ಬಂಡಾಯ ಕೆಲವೇ ದಿನಗಳಲ್ಲಿ ಅನೇಕ ಹಡಗುಗಳಿಗೂ ಬಂದರುಗಳಿಗೂ ಹಬ್ಬಿತು. ಕಳಪೆ ಆಹಾರ, ವೇತನದ ತಾರತಮ್ಯ ಹಾಗೂ ಅಧಿಕಾರಿಗಳ ಜನಾಂಗೀಯ ತಿರಸ್ಕಾರದ ವಿರುದ್ಧ ನಾವಿಕರು ಸಿಡಿದೆದ್ದರು. 1942ರಲ್ಲಿ ಬೆಂಗಾಲ್‌ನ ನಾವಿಕರನ್ನು ಶೂರರೆಂದು ಕೊಂಡಾಡಿದ ಆಡಳಿತವೇ ನಾಲ್ಕು ವರ್ಷಗಳಲ್ಲಿ ಅದೇ ಪಡೆಯ ನಾವಿಕರನ್ನು ದಂಗೆಕೋರರೆಂದು ಹೆಸರಿಸಿತು. ಹೊಗಳಿಕೆಗೂ ದೈನಂದಿನ ನಡವಳಿಕೆಗೂ ನಡುವಣ ಅಂತರವನ್ನು ಅರಿಯದೆ ಬಂಡಾಯವನ್ನು ಸಂಪೂರ್ಣವಾಗಿ ಅರ್ಥೈಸಲಾಗದು.

1947ರ ವಿಭಜನೆಯ ಸಂದರ್ಭದಲ್ಲಿ ಬೆಂಗಾಲ್ ಭಾರತದ ಪಾಲಿಗೆ ಬಂದಿತು. 1950ರಲ್ಲಿ ಗಣರಾಜ್ಯದ ಸ್ಥಾಪನೆಯೊಂದಿಗೆ ಐ.ಎನ್.ಎಸ್. ಬೆಂಗಾಲ್ ಆಗಿ, ಸ್ವತಂತ್ರ ರಾಷ್ಟ್ರದ ಧ್ವಜದಡಿಯಲ್ಲಿ ಇನ್ನೊಂದು ದಶಕ ಸೇವೆ ಸಲ್ಲಿಸಿತು. 1960ರಲ್ಲಿ ಅದನ್ನು ಸೇವೆಯಿಂದ ತೆಗೆದು ಒಡೆಯಲಾಯಿತು.

ಉಪಸಂಹಾರ

ಎಚ್.ಎಂ.ಐ.ಎಸ್. ಬೆಂಗಾಲ್‌ನ ಚರಿತ್ರೆಯನ್ನು ಒಂದು ಗುಂಡಿನ ಒಡೆತನದ ಪ್ರಶ್ನೆಗೆ ಸೀಮಿತಗೊಳಿಸುವುದರಿಂದ ಅದರ ಮಹತ್ವ ಕುಗ್ಗುತ್ತದೆ. ಬೆಂಗಾವಲು ನೌಕೆಯ ಕರ್ತವ್ಯ ಶತ್ರುವನ್ನು ಮುಳುಗಿಸುವುದಕ್ಕಿಂತ ಮೊದಲಿಗೆ ತನ್ನ ಜೊತೆಗಿರುವ ಹಡಗನ್ನು ಕಾಯುವುದು. ಈ ಮಾನದಂಡದಿಂದ ನೋಡಿದಾಗ, ಕದನದ ಆರಂಭದಲ್ಲಿ ಬೆಂಗಾಲ್ ಶತ್ರುವಿನತ್ತ ತಿರುಗಿದ್ದೇ ನಿರ್ಣಾಯಕವಾದ ಸಂಗತಿ. ಅದರಿಂದಾಗಿ ಹೊಕೊಕು ಮಾರು ತನ್ನ ಗಮನವನ್ನು ಇಬ್ಬರ ನಡುವೆ ಹಂಚಬೇಕಾಯಿತು. ಒಂಡಿನಾದ ತೋಪಿನವರಿಗೆ ಗುರಿಯಿಡಲು ಅವಕಾಶ ದೊರೆಯಿತು. ಮಾರಕವಾದ ಗುಂಡು ಒಂಡಿನಾದ್ದೇ ಎಂದು ಒಪ್ಪಿದರೂ ಬೆಂಗಾಲ್‌ನ ಪಾಲು ಕಡಿಮೆಯಾಗುವುದಿಲ್ಲ. ಅದು ಬೆಂಗಾಲ್‌ನದೇ ಎಂದು ಒಪ್ಪಿದರೂ ಹೋರ್ಸ್‌ಮನ್ ಮತ್ತು ಅವರ ಸಿಬ್ಬಂದಿಯ ಧೈರ್ಯ ಕಿರಿದಾಗುವುದಿಲ್ಲ.

ಭಾರತದ ನೌಕಾಚರಿತ್ರೆಯ ರಚನೆಯಲ್ಲಿ ರಾಷ್ಟ್ರೀಯ ಹೆಮ್ಮೆಯ ಕಥನಗಳನ್ನು ಪರದೇಶಗಳ ದಾಖಲೆಗಳೊಡನೆ ಇರಿಸಿ ನೋಡುವ ಕೆಲಸ ಇನ್ನೂ ಸಾಕಷ್ಟು ನಡೆಯಬೇಕಾಗಿದೆ. ಹಡಗಿನ ನಾಯಕರ ಹೆಸರು ಎಲ್ಲ ಗ್ರಂಥಗಳಲ್ಲಿ ದೊರೆಯುತ್ತದೆ. ತೋಪಿಗೆ ಗುಂಡು ತುಂಬಿದ, ಯಂತ್ರದ ಕೋಣೆಯಲ್ಲಿ ಬೆವರು ಸುರಿಸಿದ ಭಾರತೀಯ ನಾವಿಕರ ಹೆಸರುಗಳು ವಿರಳ. ಅವರ ಊರು, ಹಿನ್ನೆಲೆ ಮತ್ತು ನಂತರದ ಬದುಕನ್ನು ಗುರುತಿಸುವ ಅಧ್ಯಯನಗಳಿಂದ ಮಾತ್ರ ಬೆಂಗಾಲ್‌ನಂಥ ಹಡಗುಗಳ ಚರಿತ್ರೆ ಪೂರ್ಣವಾಗಬಲ್ಲದು.